ಏಳನೇ ತಾರೀಕಿನ ಲೆಕ್ಕ



ಮುಂಬಯಿ ಕನ್ನಡಿಗರಿಗೆ ಕೆಲಸ ಕೊಡಿಸುವುದು ಹೊಸದಲ್ಲ. ಊರಿನಿಂದ ಬಂದ ಹುಡುಗರನ್ನು ನಮ್ಮ ಹಿರಿಯರು ಉಡುಪಿ ಹೋಟೆಲುಗಳಿಗೆ ಸೇರಿಸಿ, ರಾತ್ರಿ ಶಾಲೆಗೂ ಕಳಿಸಿದರು. ನಾನು ಐಟಿಯವರಿಗಾಗಿ ಸ್ಟಾಫಿಂಗ್ ಏಜೆನ್ಸಿ ಶುರು ಮಾಡಿದಾಗ, ಒಳ್ಳೆಯ ಜನ ಸಿಗುವುದೇ ಕಷ್ಟ ಎಂದುಕೊಂಡಿದ್ದೆ. ನಿಜವಾದ ಕಷ್ಟ ತಾರೀಕುಗಳಲ್ಲಿತ್ತು.

ನಿಮ್ಮ ಏಜೆನ್ಸಿಯ ಹತ್ತು ನೌಕರರು ತಲಾ 25,000 ರೂಪಾಯಿ ಸಂಬಳಕ್ಕೆ ಒಂದು ಕಂಪನಿಯಲ್ಲಿ ದುಡಿಯುತ್ತಿದ್ದಾರೆ ಎನ್ನಿ. ಸಂಬಳವನ್ನು ಮರುತಿಂಗಳ 7ರೊಳಗೆ ಕೊಡಬೇಕು. ಬಿಲ್ಲಿನ ಹಣ ಬಾರದಿದ್ದರೂ ಅದರ ಮೇಲಿನ 18% ಜಿಎಸ್‌ಟಿ ಮರುತಿಂಗಳೇ ಕಟ್ಟಬೇಕು. ಕಂಪನಿ ಹಣ ಕೊಡುವುದು 60 ದಿನಕ್ಕೆ. ಅಷ್ಟರಲ್ಲಿ ಸಂಬಳ 5 ಲಕ್ಷ, ತೆರಿಗೆ ಸುಮಾರು 90,000 ನಿಮ್ಮ ಕೈಯಿಂದ ಹೋಗಿರುತ್ತದೆ.

ಎಂ.ಟೆಕ್. ಓದಿದ ನಾನು ಈ ಕೂಡಿ ಕಳೆಯುವ ಲೆಕ್ಕ ಮಾಡಿರಲಿಲ್ಲ. ಎರಡನೇ ತಿಂಗಳು ಮಗಳ ಹೆಸರಿನ ಎಫ್‌ಡಿ ಮುರಿದೆ. ಸಂಬಳ ಮಾತ್ರ ತಡ ಮಾಡಲಿಲ್ಲ. ಡೊಂಬಿವಲಿಯಲ್ಲಿ ಬಾಡಿಗೆಗಿರುವ ಹುಡುಗಿ "ಕ್ಲೈಂಟ್ ಇನ್ನೂ ಕೊಟ್ಟಿಲ್ಲ" ಎಂದರೆ ಮನೆ ಮಾಲೀಕರು ಕೇಳುತ್ತಾರೆಯೇ?

ಆದ್ದರಿಂದ ಮೂರು ತಿಂಗಳ ಸಂಬಳ ಕೈಯಲ್ಲಿಟ್ಟುಕೊಂಡು ಇಳಿಯಿರಿ. ಇಲ್ಲವೇ, ಜನರನ್ನು ಆರಿಸಿಕೊಟ್ಟು ಕಂಪನಿಯಿಂದ ಒಮ್ಮೆ ಶುಲ್ಕ ಪಡೆಯುವ ಕೆಲಸದಿಂದ ಆರಂಭಿಸಿ. ಅಲ್ಲಿ ಸಂಬಳದ ಹೊಣೆ ಕಂಪನಿಯದೇ. ಕೆಲಸ ಹುಡುಕಿ ಬಂದವರಿಂದ ಮಾತ್ರ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ.