ಕೃಪೆಗೆ ಮನುಷ್ಯ ಕೊಡುವ ಉತ್ತರ

ಬೆಳೆ ಕೈಕೊಟ್ಟರೂ, ಮಗ ದಾರಿ ತಪ್ಪಿದರೂ, ಅಣ್ಣತಮ್ಮಂದಿರು ವ್ಯಾಜ್ಯಕ್ಕೆ ಇಳಿದರೂ ‘ಹಣೆಬರಹ’ ಎಂದು ಲೆಕ್ಕ ಚುಕ್ತಾ ಮಾಡುವ ರೂಢಿ, ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಾಗಲಿ ಬೇರಾವ ಊರಿನಲ್ಲಾಗಲಿ, ಒಂದು ಮತಕ್ಕೆ ಮಾತ್ರ ಸೇರಿದ್ದಲ್ಲ. ಎಲ್ಲವೂ ದೇವರ ಚಿತ್ತವೆಂದು ಹೇಳಿ ಕೈತೊಳೆದುಕೊಳ್ಳುವ ಕ್ರೈಸ್ತರೂ ಇದ್ದಾರೆ. ಹಾಗೆ ತೊಳೆದುಕೊಂಡ ಮಾತ್ರಕ್ಕೆ ಹೊಣೆ ಕಳಚುವುದಿಲ್ಲ ಎಂಬುದಕ್ಕೆ ಅವರ ಧರ್ಮಗ್ರಂಥದಲ್ಲೇ ಸಾಕ್ಷಿ ಉಂಟು. ರೋಮನ್ ಅಧಿಪತಿ ಪೊಂತ್ಯ ಪಿಲಾತನಿಗೆ ಯೇಸು ನಿರಪರಾಧಿಯೆಂದು ಗೊತ್ತಿತ್ತು, ಬಿಡುಗಡೆ ಮಾಡುವ ಅಧಿಕಾರವೂ ಇತ್ತು. ಆದರೂ ಗುಂಪಿನ ಗದ್ದಲಕ್ಕೂ ಚಕ್ರವರ್ತಿಯ ಭಯಕ್ಕೂ ಮಣಿದು, ಜನರೆದುರಿಗೆ ನೀರು ತರಿಸಿ ಕೈತೊಳೆದು, ಆತನನ್ನು ಶಿಲುಬೆಗೆ ಒಪ್ಪಿಸಿದ. ಆ ನೀರಿನಿಂದ ಏನೂ ಹೋಗಲಿಲ್ಲ, ಹೊಣೆ ಅವನ ಹೆಸರಿಗೇ ಅಂಟಿಕೊಂಡಿತು. ಅಪೊಸ್ತಲರ ವಿಶ್ವಾಸಪ್ರಮಾಣ, ಅಂದರೆ ಸಭೆ ತನ್ನ ನಂಬಿಕೆಯನ್ನು ಸಂಕ್ಷೇಪವಾಗಿ ಹೇಳಿಕೊಳ್ಳುವ ಪಾಠವು, ಯೇಸುವಿನ ಹೊರತು ಹೆಸರಿಸುವ ಮನುಷ್ಯರು ಇಬ್ಬರೇ: ಒಬ್ಬಳು ಕನ್ಯೆ ಮರಿಯ, ಇನ್ನೊಬ್ಬ ಪಿಲಾತ.

ಹೊಣೆ ಉಂಟೆಂದರೆ ಆಯ್ಕೆಯೂ ಇರಬೇಕು. ಪಾಪಕ್ಕೆ ಸಿಕ್ಕಿದ ಮನುಷ್ಯನಲ್ಲಿ ಇಚ್ಛಾಸ್ವಾತಂತ್ರ್ಯ, ಎಂದರೆ ಒಳಿತನ್ನೋ ಕೆಡುಕನ್ನೋ ಆಯ್ದುಕೊಳ್ಳುವ ಶಕ್ತಿ, ಎಷ್ಟು ಉಳಿದಿದೆ ಎಂಬ ವಾದ ಐದನೆಯ ಶತಮಾನದಲ್ಲಿ ಕ್ರೈಸ್ತ ಚಿಂತಕರಾದ ಅಗಸ್ಟಿನ್ ಮತ್ತು ಪೆಲೇಜಿಯಸ್ ಅವರ ನಡುವೆ ಎದ್ದು, 1524–25ರಲ್ಲಿ ಎರಾಸ್ಮಸ್ ಮತ್ತು ಲೂಥರ್ ಬರೆದ ಗ್ರಂಥಗಳಲ್ಲಿ ಮತ್ತೆ ಹೊತ್ತಿಕೊಂಡಿತು. ಮೈಸೂರು ಸೀಮೆಯ ಪ್ರೊಟೆಸ್ಟಂಟರಿಗೆ ಈ ವಾದದಲ್ಲಿ ಒಂದು ನಡುದಾರಿ ದೊರೆತದ್ದು, 1821ರಲ್ಲಿ ಬೆಂಗಳೂರಿನಲ್ಲಿ ಕೆಲಸ ಹೂಡಿ ಮುಂದೆ ಮೈಸೂರಿನಲ್ಲಿ ಶಾಲೆ, ಮುದ್ರಣಾಲಯಗಳನ್ನು ನಡೆಸಿ 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ತೆರೆದ ವೆಸ್ಲಿಯನ್ ಮಿಷನ್ನಿನ ಮೂಲಕ. ಅದರ ಮೂಲಪುರುಷ ಜಾನ್ ವೆಸ್ಲಿ, ರಕ್ಷಣೆ ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬುದನ್ನು ದೇವರು ಅನಾದಿಯಲ್ಲೇ ತೀರ್ಮಾನಿಸಿಬಿಟ್ಟಿದ್ದಾನೆಂಬ ಪೂರ್ವನಿರ್ಣಯವಾದವನ್ನು 1739ರಲ್ಲಿ ಬ್ರಿಸ್ಟಲ್ ನಗರದ ಉಪದೇಶವೊಂದರಲ್ಲಿ ಬಹಿರಂಗವಾಗಿ ಖಂಡಿಸಿದ್ದ. ಮನುಷ್ಯ ದೇವರ ಕಡೆಗೆ ತಿರುಗುವ ಮೊದಲೇ ದೇವರ ಕೃಪೆ ಅವನೊಳಗೆ ಕೆಲಸ ಮಾಡುತ್ತಿರುತ್ತದೆ, ಒಳ್ಳೆಯದನ್ನು ಬಯಸುವ ಶಕ್ತಿಯೂ ಅದರಿಂದಲೇ ಬಂದದ್ದು, ಆದರೆ ಆ ಕೃಪೆಯನ್ನು ಒಪ್ಪಿಕೊಳ್ಳುವುದೂ ತಳ್ಳಿಬಿಡುವುದೂ ಮನುಷ್ಯನಿಗೇ ಸೇರಿದ್ದು ಎಂಬುದು ವೆಸ್ಲಿಯ ನಿಲುವು. ಹೀಗೆ ಮೊದಲೇ ಬರುವ ಕೃಪೆಗೆ ಪೂರ್ವಾನುಗ್ರಹ ಎನ್ನಬಹುದು. ಕ್ಯಾಥೋಲಿಕರ ಟ್ರೆಂಟ್ ಮಹಾಸಭೆಯೂ 1547ರಲ್ಲಿ ಬಹುಮಟ್ಟಿಗೆ ಈ ನಿಲುವನ್ನೇ ಹೇಳಿತ್ತೆಂಬುದು, ಎರಡು ಪಂಗಡಗಳ ಹಗೆಯನ್ನು ನೆನೆದರೆ, ಸೋಜಿಗದ ಸಂಗತಿ.

ಕೃಪೆ ಮತ್ತು ಆಯ್ಕೆಯ ಈ ಸಂಬಂಧಕ್ಕೆ ಗದ್ದೆಯಲ್ಲೇ ಹೋಲಿಕೆ ಉಂಟು. ಕಬಿನಿ ಹೊಳೆಗೆ ನೀರು ಬರುವುದು ವಯನಾಡಿನ ಮಳೆಯಿಂದ. ಅದರಲ್ಲಿ ನಂಜನಗೂಡಿನ ರೈತನ ಸಾಧನೆ ಏನೂ ಇಲ್ಲ. ಆದರೆ ನೀರುಗಂಟಿಯ ಕಣ್ಣು ತಪ್ಪಿಸಿ, ಕೊನೆಯ ಗದ್ದೆಗೆ ಹರಿಯಬೇಕಾದ ನೀರನ್ನು ರಾತ್ರಿಯಲ್ಲಿ ತನ್ನ ಮಡಿಗೆ ತಿರುಗಿಸಿಕೊಳ್ಳುವ ಗುದ್ದಲಿ ಅವನದೇ. ಅದನ್ನು ಕಂಡೂ ಕಾಣದಂತೆ ಸುಮ್ಮನಿದ್ದ ನೆರೆಯವನ ಪಾಲೂ ಅದರಲ್ಲಿದೆ: ಕ್ಯಾಥೋಲಿಕರು ಬಲಿಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಂಡು ಮಾಡುವ ಪಾಪನಿವೇದನೆಯಲ್ಲಿ ಆಲೋಚನೆ, ಮಾತು, ಕೃತ್ಯಗಳ ಜೊತೆಗೆ ಮಾಡಬೇಕಾದದ್ದನ್ನು ಮಾಡದೆ ಬಿಟ್ಟದ್ದನ್ನೂ ಸೇರಿಸುತ್ತಾರೆ.

ಇಷ್ಟಾದರೂ ಎಲ್ಲರ ಸ್ವಾತಂತ್ರ್ಯ ಒಂದೇ ಅಳತೆಯದಲ್ಲ, ಮತ್ತು ಇದನ್ನು ಮರೆತ ಉಪದೇಶ ಬಡವನ ಮೇಲೆ ಹೊರಿಸಿದ ಇನ್ನೊಂದು ಹೊರೆಯಾಗುತ್ತದೆ. ಹದಿಮೂರನೆಯ ಶತಮಾನದ ದೇವತಾಶಾಸ್ತ್ರಜ್ಞ ತಾಮಸ್ ಅಕ್ವಿನಾಸ್ ದೈಹಿಕ ಬಲಾತ್ಕಾರವನ್ನೂ ಭಯವನ್ನೂ ಬೇರೆಬೇರೆಯಾಗಿ ತೂಗಿದ: ಬಲಾತ್ಕಾರದಿಂದ ಮಾಡಿಸಿದ್ದು ಮಾಡಿದವನ ಇಚ್ಛೆಯ ಕೃತ್ಯವೇ ಅಲ್ಲ, ಭಯದಿಂದ ಮಾಡಿದ್ದರಲ್ಲಿ ಇಚ್ಛೆ ಉಳಿದಿದ್ದರೂ ಅನಿಚ್ಛೆಯೂ ಬೆರೆತಿರುತ್ತದೆ. ಅಪ್ಪ ಮಾಡಿದ ಸಾಲಕ್ಕೆ ಜೀತಕ್ಕಿದ್ದ ಆಳು ಒಡೆಯನ ಪರವಾಗಿ ಸುಳ್ಳುಸಾಕ್ಷಿ ಹೇಳಿದರೆ ಅವನ ತಪ್ಪು ಪೂರ್ತಿ ಅಳಿಯುವುದಿಲ್ಲವಾದರೂ ಅದರ ದೊಡ್ಡ ಪಾಲು ಒಡೆಯನ ಲೆಕ್ಕಕ್ಕೆ ಹೋಗುತ್ತದೆ. 1976ರ ಜೀತಪದ್ಧತಿ ನಿರ್ಮೂಲನಾ ಕಾಯಿದೆಯೂ, ದೇವತಾಶಾಸ್ತ್ರದ ಹಂಗಿಲ್ಲದೆಯೇ, ಸಾಲದ ಕಟ್ಟನ್ನು ಕಳಚಿ ಮೂರು ವರ್ಷದವರೆಗಿನ ಸೆರೆವಾಸವನ್ನು ದುಡಿಸಿಕೊಂಡವನಿಗೆ ಗೊತ್ತುಮಾಡಿತು.