ರುಜು ಎಲ್ಲಿ ಹಾಕಿದೆವು, ಹೇಗೆ ಹಾಕಿದೆವು?

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಸಂಘ ನಡೆದುಬಂದಿದೆ ಎಂದರೆ ಅದು ನಮ್ಮ ನಿಮ್ಮೆಲ್ಲರ ರುಜುವಿನ ಬಲದಿಂದ. ಷೇರಿಗೆ ರುಜು, ಸಾಲಕ್ಕೆ ರುಜು, ಜಾಮೀನಿಗೆ ರುಜು. ಆದ್ದರಿಂದ ಈ ಹೊತ್ತು ರುಜುವಿನ ಬಗ್ಗೆಯೇ ನಾಲ್ಕು ಮಾತಾಡೋಣ ಅಂತ ಬಂದಿದ್ದೇವೆ.

ನಮ್ಮವರೊಬ್ಬರಿಗೆ ಆದದ್ದನ್ನು ಹೇಳುತ್ತೇವೆ, ಹೆಸರು ಬೇಡ. ಹಿರೇಕೆರೂರು ಕಡೆ ನೆಂಟರ ಮದುವೆಗೆ ಹೋಗಿದ್ದರು. ಊಟದ ಗದ್ದಲದಲ್ಲಿ ಬೀಗರೊಬ್ಬರು ಕಾಗದ ಮುಂದಿಟ್ಟು "ಇಲ್ಲೊಂದು ಸಹಿ ಹಾಕ್ರಿ" ಅಂದರು. ದಾಕ್ಷಿಣ್ಯಕ್ಕೆ ಹಾಕಿದರು. ಅದು ಸಾಲದ ಜಾಮೀನು. ಬೀಗರು ಕಂತು ಕಟ್ಟಲಿಲ್ಲ, ನೋಟೀಸು ಇವರ ಮನೆಗೆ ಬಂತು. "ಕಚೇರೀಲಿ ಹಾಕಿದ್ದಲ್ಲ, ನಮ್ಮ ತಾಲ್ಲೂಕೂ ಅಲ್ಲ. ಮದುವೆ ಚಪ್ಪರದ ರುಜು ಎಲ್ಲಿ ನಡೀತದೆ?" ಅಂತ ಸುಮ್ಮನಿದ್ದರು. ಕೊನೆಗೆ ಎರಡು ಎಮ್ಮೆ ಮಾರಿ ಹಣ ಕಟ್ಟಿದರು.

ಕಾನೂನು ಏನು ಹೇಳುತ್ತದೆ? 1872ರ ಭಾರತೀಯ ಕರಾರು ಕಾಯ್ದೆಯ 10ನೇ ಕಲಮು ಕೇಳುವುದು ಇಷ್ಟು: ಇಬ್ಬರೂ ಕರಾರಿಗೆ ಅರ್ಹರಿರಬೇಕು, ಒಪ್ಪಿಗೆ ಮುಕ್ತವಾಗಿರಬೇಕು, ಪ್ರತಿಫಲವೂ ಉದ್ದೇಶವೂ ನ್ಯಾಯಸಮ್ಮತವಾಗಿರಬೇಕು. ಇಂಥ ಊರಲ್ಲೇ, ಇಂಥ ಕಚೇರಿಯಲ್ಲೇ ರುಜು ಆಗಬೇಕೆಂಬ ಷರತ್ತು ಅಲ್ಲಿಲ್ಲ. ಗದ್ದೆಯ ಬದುವಿನ ಮೇಲೆ ಹಾಕಿದರೂ ರುಜು ರುಜುವೇ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು 128ನೇ ಕಲಮು ಹೇಳುತ್ತದೆ. ಓದಿ ನೋಡುವ ಅವಕಾಶವಿದ್ದೂ ಓದದವರಿಗೆ "ಗೊತ್ತಿರಲಿಲ್ಲ" ಎಂಬ ಮಾತು ಸುಲಭಕ್ಕೆ ನೆರವಾಗದು.

ಹಾಗಾದರೆ ಹೆದರಿಸಿ ಹಾಕಿಸಿಕೊಂಡರೆ? ಆಗಲೂ ನೋಡುವುದು ಜಾಗವನ್ನಲ್ಲ, ಮನಸ್ಸನ್ನು. ಬಲವಂತದ ಕರಾರನ್ನು ಬಲವಂತಕ್ಕೆ ಒಳಗಾದವನು ರದ್ದು ಮಾಡಿಸಬಹುದು. ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ: ನಡುಸಮುದ್ರದ ಇಂಗ್ಲಿಷ್ ಹಡಗಿನಲ್ಲಿ ಒಬ್ಬನನ್ನು ಬೆದರಿಸಿ ಕರಾರು ಮಾಡಿಸಿಕೊಂಡು, ಆಮೇಲೆ ಕಲ್ಕತ್ತೆಯಲ್ಲಿ ದಾವಾ ಹೂಡಿದರೂ ಅದು ಬಲವಂತವೇ. ಹಾಗೆಯೇ ಹೆಂಡದಂಗಡಿಯಲ್ಲಿ ಹಾಕಿದ ರುಜು. ಅಂಗಡಿ ಕಾರಣವಲ್ಲ, ಕರಾರು ತಿಳಿಯಲಾರದಷ್ಟು ಅಮಲಿದ್ದರೆ ಕರಾರು ನಿಲ್ಲದು. ಅದೇ ಅಂಗಡಿಯಲ್ಲಿ ಎಚ್ಚರವಿದ್ದು ಹಾಕಿದರೆ ನಿಲ್ಲುತ್ತದೆ.

ಜಾಗಕ್ಕೆ ಬೆಲೆಯೇ ಇಲ್ಲ ಅಂತಲ್ಲ. ದಾವೆ ಯಾವ ಕೋರ್ಟಿನಲ್ಲಿ ಎಂಬಲ್ಲಿ ಅದು ಮುಖ್ಯ. ಅಹಮದಾಬಾದಿನ ವ್ಯಾಪಾರಿಗಳು ಖಾಮಗಾಂವಿನವರಿಂದ ಹತ್ತಿಕಾಳಿನ ಹಿಂಡಿ ಕೊಳ್ಳಲು ದೂರವಾಣಿಯಲ್ಲಿ ಮಾತಾಡಿದ್ದರು. 1965ರಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯ ಮಾತು ಕಿವಿಗೆ ಬಿದ್ದ ಅಹಮದಾಬಾದಿನಲ್ಲೇ ಕರಾರು ಆಯಿತು, ಅಲ್ಲೇ ದಾವೆ ನಡೆಯಬಹುದು ಎಂದಿತು. ಬೇರೆ ರಾಜ್ಯದಲ್ಲಿ ಬರೆದ ಪತ್ರ ಇಲ್ಲಿಗೆ ಬಂದರೆ ನಮ್ಮ ರಾಜ್ಯದ ಛಾಪಾ ಶುಲ್ಕದ ಪ್ರಶ್ನೆ ಏಳಬಹುದು. ಜಮೀನಿನ ನೋಂದಣಿಗೆ ರುಜು ಹಾಕಿದ ಊರಿಗಿಂತ ಜಮೀನು ಇರುವ ಜಿಲ್ಲೆ ಮುಖ್ಯ. ಇನ್ನು ಸಂಘದ ವ್ಯವಹಾರದಲ್ಲಿ ಸಂಘಕ್ಕೂ ಸದಸ್ಯರಿಗೂ ತಕರಾರು ಬಂದರೆ, 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಂತೆ ಅದು ನಿಬಂಧಕರ ಮುಂದೆ ಹೋಗುತ್ತದೆ.

ನಮ್ಮೂರಿಗೆ ಒಪ್ಪಿಗೆಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. 1942ರಲ್ಲಿ "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದವರು ನಮ್ಮ ಹಿರಿಯರು. ಮನಸ್ಸು ಒಪ್ಪದ್ದಕ್ಕೆ ಪ್ರಾಣ ಹೋದರೂ ಹೂಂ ಅನ್ನಲಿಲ್ಲ. 1943ರಲ್ಲಿ ಐವರು ಗಲ್ಲಿಗೇರಿದರು. ಅಂಥವರ ಊರಿನ ನಾವು ದಾಕ್ಷಿಣ್ಯಕ್ಕೆ ಹೂಂ ಅನ್ನಬಾರದು.

ಆದ್ದರಿಂದ ಖಾಲಿ ಕಾಗದಕ್ಕೆ ರುಜು ಬೇಡ. ಓದು ಬಾರದಿದ್ದರೆ ನಂಬಿಕಸ್ಥರಿಂದ ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿ. ತಾರೀಖು, ಊರಿನ ಹೆಸರು ಸರಿಯಾಗಿ ಬರೆಸಿ, ಒಂದು ನಕಲು ಇಟ್ಟುಕೊಳ್ಳಿ. ಜಾಮೀನು ಹಾಕುವ ಮೊದಲು ಮನೆಯಾಕೆಗೆ ಒಂದು ಮಾತು ತಿಳಿಸಿ. ನಮ್ಮವರು ಅಂದು "ಮನೇಲಿ ಕೇಳಿ ಹೇಳ್ತೀನಿ" ಅಂದಿದ್ದರೆ ಆ ಎಮ್ಮೆಗಳು ಕೊಟ್ಟಿಗೆಯಲ್ಲೇ ಇರುತ್ತಿದ್ದವು.