ಗುರಿ ತಪ್ಪಿದರೂ ಒಂದು ಅಂಕ



ಆಸ್ಟ್ರೇಲಿಯಾದಲ್ಲಿ ಆ ನಾಡಿನದೇ ಆದ ಒಂದು ಫುಟ್‌ಬಾಲ್ ಆಟವಿದೆ. ಚೆಂಡು ಮೊಟ್ಟೆಯಾಕಾರದ್ದು. ಮೈದಾನದಲ್ಲಿ ಪ್ರತಿ ತಂಡದಿಂದ 18 ಆಟಗಾರರು. ಎರಡು ತುದಿಗಳಲ್ಲೂ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ 6 ಅಂಕ. ತುಸು ಗುರಿ ತಪ್ಪಿ ಪಕ್ಕದ ಕಂಬದೊಳಗೆ ಹೋದರೂ 1 ಅಂಕ ಉಂಟು. ಹೀಗೆ ತಪ್ಪಿಗೂ ಒಂದಿಷ್ಟು ಬೆಲೆ ಕೊಡುವ ಆಟವನ್ನು ಆಡಿ ಬೆಳೆದವರು ಕೀತ್ ಟ್ರಸ್ಕಾಟ್.

ಅವರು ಹುಟ್ಟಿದ್ದು 1916ರಲ್ಲಿ. ಕೆಂಗೂದಲಿನ ಈ ತರುಣನನ್ನು ಜನ ಕರೆಯುತ್ತಿದ್ದುದು 'ಬ್ಲೂಯಿ' ಎಂದು. ಬ್ಲೂ ಎಂದರೆ ನೀಲಿಯಲ್ಲವೇ? ಕೆಂಗೂದಲಿನವರಿಗೆ ಹಾಗೆ ಅಡ್ಡಹೆಸರಿಡುವುದು ಆಸ್ಟ್ರೇಲಿಯದವರ ತಮಾಷೆ! 1937ರಲ್ಲಿ ಮೆಲ್ಬರ್ನ್ ತಂಡ ಸೇರಿದ ಅವರು 1939ರಲ್ಲಿ ಪ್ರಶಸ್ತಿ ಗೆದ್ದ ತಂಡದಲ್ಲಿದ್ದರು. ಅದೇ ವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. 1940ರಲ್ಲಿ ಟ್ರಸ್ಕಾಟ್ ವಾಯುಪಡೆ ಸೇರಿದರು. ಆ ಸೆಪ್ಟೆಂಬರಿನ ಅಂತಿಮ ಪಂದ್ಯದಲ್ಲಿಯೂ ಆಡಿದರು. ಮೆಲ್ಬರ್ನ್ ಮತ್ತೆ ಗೆದ್ದಿತು.

ಮೈದಾನದಲ್ಲಿ ಚುರುಕಾಗಿದ್ದ ಅವರಿಗೆ ವಿಮಾನವಿದ್ಯೆ ಸುಲಭವಾಗಿ ಒಲಿಯಲಿಲ್ಲ. ಕೆಳಗಿಳಿಸುವಾಗ ನೆಲ ಎಷ್ಟು ದೂರವಿದೆ ಎಂಬ ಅಂದಾಜು ತಪ್ಪುತ್ತಿತ್ತು. ಆದರೂ ಛಲ ಬಿಡಲಿಲ್ಲ. 1941ರಲ್ಲಿ ಇಂಗ್ಲೆಂಡಿನಿಂದ ಸ್ಪಿಟ್‌ಫೈರ್ ವಿಮಾನ ಹಾರಿಸಿ ಶತ್ರುವಿಮಾನಗಳನ್ನು ಉರುಳಿಸಿದರು. ಒಮ್ಮೆ ತಾವೇ ಇಂಗ್ಲಿಷ್ ಕಡಲ್ಗಾಲುವೆಗೆ ಬಿದ್ದು ಬದುಕಿ ಬಂದರು. ಶೌರ್ಯಪದಕ ಎರಡು ಬಾರಿ ದೊರೆಯಿತು. 1942ರಲ್ಲಿ ಸ್ವದೇಶಕ್ಕೆ ಮರಳಿ ಮತ್ತೊಂದು ಪಂದ್ಯ ಆಡಿದರು. ಅದೇ ವರ್ಷ ನ್ಯೂಗಿನಿಯ ಮಿಲ್ನ್ ಕೊಲ್ಲಿಯಲ್ಲಿ ಜಪಾನೀ ಸೇನೆಯನ್ನು ಹಿಮ್ಮೆಟ್ಟಿಸಿದ ಕಾಳಗದಲ್ಲಿ ತಮ್ಮ ವಿಮಾನದಳವನ್ನು ಮುನ್ನಡೆಸಿದರು.

1943ರ ಮಾರ್ಚ್ 28. ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮತ್ ಕೊಲ್ಲಿ. ಅಂದು ಅಲ್ಲಿ ಶತ್ರುಗಳಿರಲಿಲ್ಲ. ತಮ್ಮದೇ ಪಕ್ಷದ ಕೆಟಲೈನಾ ವಿಮಾನದ ಮೇಲೆ ಟ್ರಸ್ಕಾಟ್ ಅಣಕುದಾಳಿಯ ಅಭ್ಯಾಸ ನಡೆಸುತ್ತಿದ್ದರು. ಸಮುದ್ರ ಕನ್ನಡಿಯಂತೆ ನಿಶ್ಚಲವಾಗಿತ್ತು. ಅಂಥ ನೀರಿನ ಮೇಲೆ ಎತ್ತರವನ್ನು ಅಳೆಯಲು ಕಣ್ಣಿಗೆ ಆಧಾರವೇ ಸಿಗುವುದಿಲ್ಲ. ವಿಮಾನ ನೀರಿಗೆ ಅಪ್ಪಳಿಸಿತು. ಅವರಿಗಾಗ ಕೇವಲ 26 ವರ್ಷ.

ಅವರ ಜೊತೆಯಾಟಗಾರ ರಾನ್ ಬರಾಸಿ 1941ರಲ್ಲೇ ಲಿಬಿಯಾದ ಟೊಬ್ರೂಕ್‌ನಲ್ಲಿ ಮಡಿದಿದ್ದರು. ಆಗ ಅವರ ಮಗನಿಗೆ ಐದು ವರ್ಷ. ಅದೇ ಹೆಸರಿನ ಆ ಹುಡುಗ 1953ರಲ್ಲಿ ತಂದೆಯ ತಂಡವನ್ನೇ ಸೇರಿ, ತಂದೆಯ 31ನೆಯ ಸಂಖ್ಯೆಯ ಅಂಗಿ ತೊಟ್ಟು, ಮುಂದೆ ಆ ಆಟದ ಮಹಾನ್ ಆಟಗಾರರಲ್ಲಿ ಒಬ್ಬನಾದ. ಆದರೆ ಆ ಆಟವನ್ನು ನೋಡಲು ತಂದೆ ಇರಲಿಲ್ಲ.

ವಿದ್ಯಾರ್ಥಿಗಳೇ, ಕ್ರೀಡಾವರದಿಗಳಲ್ಲಿ ನಾವು 'ಸಮರ', 'ದಾಳಿ', 'ಸೇಡು' ಎಂದೆಲ್ಲ ಬರೆಯುತ್ತೇವೆ. ಆಟ ಯುದ್ಧದಂತೆ ಎಂಬುದು ಬರಿಯ ಮಾತು. ಆಟದಲ್ಲಿ ಸೋತವರು ಮುಂದಿನ ವಾರ ಮತ್ತೆ ಮೈದಾನಕ್ಕೆ ಇಳಿಯುತ್ತಾರೆ. ಯುದ್ಧದಲ್ಲಿ, ಶತ್ರುವೇ ಇಲ್ಲದ ದಿನವೂ, ಒಂದು ಅಂದಾಜು ತಪ್ಪಿದರೆ ಎರಡನೆಯ ಅವಕಾಶವಿಲ್ಲ.

ಮೆಲ್ಬರ್ನ್ ತಂಡದ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಪ್ರಶಸ್ತಿಗೆ ಟ್ರಸ್ಕಾಟ್ ಅವರ ಹೆಸರಿದೆ. ಅದನ್ನು ಪಡೆದ ಆಟಗಾರ ಮರುವರ್ಷ ಮತ್ತೆ ಆಡಲು ಬರುತ್ತಾನೆ. ಟ್ರಸ್ಕಾಟ್ ಅವರಿಗೆ ದಕ್ಕದೆ ಹೋದದ್ದು ಅದೊಂದೇ.